ಹಾಸಿಗೆಯ ತಗ್ಗು

ಮಡಿಕೇರಿಯಲ್ಲಿ ಬೆಳಗಿನಿಂದ ಮಳೆ ಬಿಟ್ಟಿಲ್ಲ. ಒಳಕೋಣೆಯ ಸ್ಪಂಜಿನ ಹಾಸಿಗೆಯ ಮೇಲೆ, ಅಜ್ಜಿಯ ಬೈಗುಳಕ್ಕೂ ಜಗ್ಗದೆ ನಾನು ಪೇರಿಸಿಟ್ಟಿದ್ದ ಕಾಫಿ ಚೀಲಗಳು ನಿನ್ನೆ ಮಾರಾಟಕ್ಕೆ ಹೋದವು. ಅಲ್ಲಿ ಉಳಿದಿದ್ದ ಗೇಣುದ್ದದ ತಗ್ಗು ಇಂದು ಅರ್ಧದಷ್ಟು ಮೇಲೆದ್ದಿದೆ.

ಉತ್ತರ ಸ್ವೀಡನ್ನಿನ ನೆಲದ ಕಥೆಯೂ ಹೀಗೆಯೇ. ಸುಮಾರು 20,000 ವರ್ಷಗಳ ಹಿಂದೆ ಅದನ್ನು 3 ಕಿಲೋಮೀಟರಿನಷ್ಟು ದಪ್ಪದ ಹಿಮದ ಹಾಸು ಒತ್ತಿ ಕೂರಿಸಿತ್ತು. ಹಿಮ ಕರಗಿ ಹತ್ತಿರ ಹತ್ತಿರ 10,000 ವರ್ಷಗಳಾದರೂ, ಪಕ್ಕಕ್ಕೆ ಸರಿದಿದ್ದ ಭೂಗರ್ಭದ ಶಿಲೆ ಅತಿ ನಿಧಾನವಾಗಿ ಮರಳಿ ಹರಿಯುವುದರಿಂದ, ಬೋತ್ನಿಯಾ ಕೊಲ್ಲಿಯ ತೀರ ಇಂದಿಗೂ ವರ್ಷಕ್ಕೆ ಸುಮಾರು 8ರಿಂದ 9 ಮಿಲಿಮೀಟರ್ ಏರುತ್ತಿದೆ. ಅಲ್ಲಿನ 'ಎತ್ತರದ ಕರಾವಳಿ'ಯಲ್ಲಿ ಹಳೆಯ ಸಮುದ್ರತೀರದ ಗುರುತು ಈಗಿನ ನೀರಿನ ಮಟ್ಟಕ್ಕಿಂತ 286 ಮೀಟರ್ ಮೇಲಿದೆ. ಬಂದರು ಆಳ ಕಳೆದುಕೊಂಡದ್ದರಿಂದ ಲುಲಿಯೊ ಪಟ್ಟಣವನ್ನೇ 1649ರಲ್ಲಿ ಬೇರೆಡೆಗೆ ಸಾಗಿಸಬೇಕಾಯಿತು. 1731ರಲ್ಲಿ ಬಂಡೆಯೊಂದರ ಮೇಲೆ ನೀರಿನ ಮಟ್ಟದ ಗೆರೆ ಕೊರೆಯಿಸಿದ ಆಂಡರ್ಸ್ ಸೆಲ್ಸಿಯಸ್ (ಹೌದು, ಹವೆಯ ಉಷ್ಣಾಂಶ ಹೇಳುವಾಗ ನಾವು ನೆನೆಯುವ ಅದೇ ಹೆಸರು) ನೆಲ ಏಳುತ್ತಿದೆಯೆಂದಲ್ಲ, ಸಮುದ್ರವೇ ಬತ್ತುತ್ತಿದೆಯೆಂದು ಭಾವಿಸಿದ್ದರು.

ನಮ್ಮ ಘಟ್ಟದ ಕೆಳಗೆ ನಡೆದದ್ದು ಇದಕ್ಕೆ ತಿರುಗುಮುರುಗು. ಹಿಮಯುಗದಲ್ಲಿ ಕಡಲು ಸುಮಾರು 120 ಮೀಟರ್ ತಗ್ಗಿದ್ದಾಗ ಮಂಗಳೂರಿನ ದಡ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕಿತ್ತು. ಪರಶುರಾಮನ ಕೊಡಲಿಗೆ ಹೆದರಿ ಹಿಂದೆ ಸರಿಯಿತೆಂದು ಅಜ್ಜಿ ಹೇಳುವ ಆ ಕಡಲು, ಹಿಮ ಕರಗಿದಂತೆಲ್ಲ ಮುಂದೆಯೇ ಬಂದಿತ್ತು. ಇದನ್ನು ಅಜ್ಜಿಗೆ ಹೇಳಿದೆ. ಮೊದಲು ಹಾಸಿಗೆಯನ್ನು ಒಲೆಯ ಬಳಿ ಒಣಗಿಸು ಎಂದರು.