ಕುಂಬಳಕಾಯಿ ಒಡೆದ ದಿನ

18 ಜನವರಿ 2026, ಭಾನುವಾರ
ಹಾವೇರಿ, ರಾತ್ರಿ ಹನ್ನೊಂದೂವರೆ

ಇಂದು ಸಂಜೆ ಐದೂಮುಕ್ಕಾಲಿಗೆ ಸವಣೂರು ತಾಲ್ಲೂಕಿನ ಹಳ್ಳಿಯೊಂದರ ಅಗಸಿಯ ಮುಂದೆ, ಚಿತ್ರೀಕರಣ ಮುಗಿದದ್ದಕ್ಕೆ, ನಮ್ಮ ಚಿತ್ರದ ಕುಂಬಳಕಾಯಿ ಒಡೆದೆವು. ಮೇಲೆ ಕರ್ಪೂರ ಉರಿಯುತ್ತಿದ್ದ ಕಾಯಿಯನ್ನು ಲೈಟ್ ವಿಭಾಗದ ಹಿರಿಯರು ಕ್ಯಾಮೆರಾಕ್ಕೆ ನಿವಾಳಿಸಿ ನೆಲಕ್ಕೆ ಅಪ್ಪಳಿಸಿದರು. ಕುಂಕುಮ ಕಲಸಿದ ತಿರುಳು ನನ್ನ ಸೀರೆಯ ಅಂಚಿನವರೆಗೂ ಸಿಡಿಯಿತು. ಚಪ್ಪಾಳೆ ತಟ್ಟುತ್ತಲೇ ಮನಸ್ಸಿನಲ್ಲಿ ದಿನ ಎಣಿಸಿದೆ. 24 ದಿನವೆಂದು ಬರೆದುಕೊಂಡಿದ್ದೆವು, 25 ಆಯಿತು. ಇಪ್ಪತ್ತು ವರ್ಷ ಬೇರೆಯವರ ಚಿತ್ರಗಳಿಗೆ ಇದೇ ಲೆಕ್ಕ ಬರೆದವಳು ನಾನು. ನನ್ನ ಹೆಸರಿನ ಮೇಲೆ 'ನಿರ್ಮಾಪಕಿ' ಎಂದು ಬರುತ್ತಿರುವುದು ಇದೇ ಮೊದಲು.

ಈಗ ಲಾಡ್ಜಿನ ಮಂಚದ ಮೇಲೆ ವೋಚರ್‌ಗಳನ್ನು ಹರಡಿಕೊಂಡು ಕುಳಿತಿದ್ದೇನೆ. ತಂಡದವರ ಸಂಬಳ ಬ್ಯಾಂಕ್ ಖಾತೆಗೆ ಹೋಗುತ್ತದೆ. ಎತ್ತಿನ ಗಾಡಿಯವರಿಗೆ, ಮೂರು ವಾರ ತಮ್ಮ ಪಡಸಾಲೆಯನ್ನು ನಮಗೆ ಬಿಟ್ಟು ಅಡುಗೆಮನೆಯಲ್ಲಿ ಮಲಗಿದವರಿಗೆ, ಸಂತೆಯ ದೃಶ್ಯದಲ್ಲಿ ಕುಳಿತ ಊರಿನವರಿಗೆ ಮಾತ್ರ ಲಕೋಟೆಯಲ್ಲಿ ಹಾಕಿ ಕೈಗೇ ಕೊಡುವುದು, ಸಹಿ ಪಡೆಯುವುದು. 31 ಲಕೋಟೆಗಳಲ್ಲಿ 30 ಮುಟ್ಟಿವೆ. ಉಳಿದ ಒಂದರ ಮೇಲೆ 'ಎಲೆ ಅಜ್ಜ, 2 ದಿನ' ಎಂದಿದೆ.

ನಿದ್ದೆ ಬರದಿರುವುದಕ್ಕೆ ಕಾರಣ ಲೆಕ್ಕವಲ್ಲ. ಕುಂಬಳಕಾಯಿಯ ಚೂರುಗಳನ್ನು ಬುಟ್ಟಿಗೆ ತುಂಬುತ್ತಿದ್ದಾಗ ನಮ್ಮ ಪ್ರೊಡಕ್ಷನ್ ತಂಡದ ಹಾನಗಲ್ಲಿನ ಹುಡುಗ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಅಕ್ಕಾ, ನಿರ್ಮಾಪಕನಾಗಬೇಕಾದರೆ ಕಡಿಮೆ ಎಂದರೂ ಎಷ್ಟು ದುಡ್ಡು ಬೇಕು? ಅಪ್ಪನ ಹೆಸರಿನಲ್ಲಿ ಮೂರು ಎಕರೆ ಇದೆ." ಎದೆ ಝಲ್ಲೆಂದಿತು. ಆ ಗದ್ದಲದಲ್ಲಿ ಸರಿಯಾದ ಉತ್ತರ ಕೊಡಲಾಗಲಿಲ್ಲ. "ಹೊಲಕ್ಕೆ ಕೈ ಹಚ್ಚಬೇಡ" ಎಂದಷ್ಟೇ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ದೊಡ್ಡಪ್ಪ ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರ ಮಾಡುತ್ತಿದ್ದರು. ಕಂಪನಿ ನಾಟಕಗಳ ಹುಚ್ಚು. ಒಂದು ರಂಗಗೀತೆ ಹಾಡದೆ ಊಟಕ್ಕೆ ಕೂರುತ್ತಿರಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆಗೆ ಬಂದಾಗ ಅದಕ್ಕೆ ಬಂಡವಾಳ ಹೂಡಿದವರು ಬೆಂಗಳೂರಿನಲ್ಲಿದ್ದ ವ್ಯಾಪಾರಿ ಚಮನಲಾಲ್ ಡುಂಗಾಜಿ. ಚಿತ್ರೀಕರಣ ನಡೆದದ್ದು ನಮಗೆ ಹತ್ತಿರದ ಕೊಲ್ಹಾಪುರದ ಸ್ಟುಡಿಯೋದಲ್ಲಿ. ದೊಡ್ಡಪ್ಪನಿಗೆ ಈ ಕಥೆ ಬಾಯಿಪಾಠ. "ವ್ಯಾಪಾರಿಯೇ ಕನ್ನಡಕ್ಕೆ ಮಾತು ಕೊಡಿಸಿದ, ನಾನು ಒಂದು ಚಿತ್ರ ಮಾಡಬಾರದೇ?" ಎನ್ನುತ್ತಿದ್ದರು. 1993ರಲ್ಲಿ ಅಣ್ಣಿಗೇರಿಯ ನಾಲ್ಕು ಎಕರೆ ಎರೆ ಹೊಲ ಮಾರಿದರು. ಮುಹೂರ್ತದ ದಿನ ಅವರಿಗೆ ಏಲಕ್ಕಿ ಮಾಲೆ ಹಾಕಿ, ಕ್ಯಾಮೆರಾದ ಪಕ್ಕ ಕುರ್ಚಿ ಹಾಕಿ ಕೂರಿಸಿ, ಅನ್ನದಾತರು ಎಂದು ಕರೆದರು. ಮುಕ್ಕಾಲು ಪಾಲು ಚಿತ್ರೀಕರಣವಾಗುವಷ್ಟರಲ್ಲಿ ಹಣ ಮುಗಿಯಿತು. ನೆಗೆಟಿವ್ ಮದ್ರಾಸಿನ ಲ್ಯಾಬಿನಲ್ಲಿ ಉಳಿಯಿತು. ಬಾಕಿ ತೀರಿಸದೆ ಲ್ಯಾಬಿನವರು ಬಿಡುವಂತಿರಲಿಲ್ಲ, ತೀರಿಸಲು ಹಣವಿರಲಿಲ್ಲ. ಚಿತ್ರ ಡಬ್ಬಾದಲ್ಲೇ ಕೊನೆಯಾಯಿತು.

ಆಗ ನನಗೆ ಹದಿನಾಲ್ಕು. ಅವರ ಲೆಕ್ಕದ ಪುಸ್ತಕ ಇಂದಿಗೂ ನನ್ನ ಬಳಿ ಇದೆ. ಪುಟಪುಟದಲ್ಲೂ ಒಂದೇ ಮಾತು: 'ಕೊಟ್ಟದ್ದು', 'ಕೊಟ್ಟದ್ದು', 'ಮದ್ರಾಸಿಗೆ ಕೊಟ್ಟದ್ದು'. ಯಾತಕ್ಕೆ ಎಂಬುದು ಒಂದು ಕಡೆಯೂ ಇಲ್ಲ. ಎಳೆಯನ್ನು ಬೆರಳಲ್ಲಿ ಎಳೆದು ನೋಡದೆ ಒಂದು ಅಂಡಿಗೆ ಅರಳೆಯನ್ನೂ ಕೊಂಡವರಲ್ಲ ಅವರು. ಸಿನಿಮಾದ ಎದುರು ಮಾತ್ರ ಕೈ ಕಟ್ಟಿ ಕುಳಿತುಬಿಟ್ಟರು. ಅವರಿಗೆ ಯಾರಾದರೂ ಮೋಸ ಮಾಡಿದರೆಂದು ನಾನು ಹೇಳಲಾರೆ. ಹಣ ಕೊಡುವುದೇ ನಿರ್ಮಾಪಕನ ಕೆಲಸ ಎಂದು ಅವರೂ ನಂಬಿದ್ದರು, ಸುತ್ತಲಿದ್ದವರೂ ನಂಬಿದ್ದರು.

ಮುಂದೆ ಈ ಕಸುಬಿಗೆ ಬಂದ ಮೇಲೆ 1957ರ ಕೃತಿಸ್ವಾಮ್ಯ ಕಾಯ್ದೆ ಓದಿದೆ. ಚಲನಚಿತ್ರದ ನಿರ್ಮಾಪಕ ಎಂದರೆ ಆ ಕೃತಿಯನ್ನು ಮಾಡಲು ತಾನಾಗಿ ಮುಂದಾದವನು, ಅದರ ಹೊಣೆ ಹೊತ್ತವನು ಎಂದು ಅದರಲ್ಲಿದೆ. ದುಡ್ಡು ಎಂಬ ಮಾತೇ ಆ ವ್ಯಾಖ್ಯೆಯಲ್ಲಿಲ್ಲ. ಚಿತ್ರದ ಕರ್ತೃ ಎಂದು ಕಾನೂನು ಒಪ್ಪುವುದೂ ನಿರ್ಮಾಪಕನನ್ನೇ; ತೆರೆಕಂಡ ಮೇಲೆ 60 ವರ್ಷ ಆ ಹಕ್ಕು ನಿಲ್ಲುತ್ತದೆ. ಓದಿದ ರಾತ್ರಿ ದೊಡ್ಡಪ್ಪನನ್ನು ನೆನೆದು ಅತ್ತಿದ್ದೆ. ಅವರು ಮುಂದಾಗಿದ್ದರು, ನಿಜ. ಹೊಣೆ ಹೊರುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಾನು ಕಲಿತದ್ದು ಅಮರಗೋಳದ ಎಪಿಎಂಸಿಯಲ್ಲಿ. ಬಿ.ಕಾಂ. ಮುಗಿಸಿ ಅಲ್ಲಿನ ಅಡತಿ ಅಂಗಡಿಯೊಂದರಲ್ಲಿ ಕಿರ್ದಿ ಬರೆಯುತ್ತಿದ್ದೆ. 2006ರಲ್ಲಿ ಧಾರಾವಾಹಿಯೊಂದರ ತಂಡ ಧಾರವಾಡಕ್ಕೆ ಬಂದಾಗ ಸ್ಥಳೀಯ ಲೆಕ್ಕಕ್ಕೆ ಒಬ್ಬರು ಬೇಕಾಗಿದ್ದರು, ಹೋದೆ. ಮೊದಲು ಚಹಾದ ಚೀಟಿ, ಡೀಸೆಲ್ ಚೀಟಿ. ಆಮೇಲೆ ಬೆಂಗಳೂರಿನಲ್ಲಿ ಪ್ರೊಡಕ್ಷನ್ ಮ್ಯಾನೇಜರ್: ನಾಳೆ ಯಾರು ಎಷ್ಟು ಹೊತ್ತಿಗೆ ಎಲ್ಲಿರಬೇಕು, ಯಾವ ವಾಹನ, ಎಷ್ಟು ಊಟ. ಆ ಮೇಲೆ ಲೈನ್ ಪ್ರೊಡ್ಯೂಸರ್: ಇಡೀ ಚಿತ್ರದ ಖರ್ಚು ಗೊತ್ತುಮಾಡಿದ ಗೆರೆ ದಾಟದಂತೆ ಕಾಯುವುದು. ಕೊನೆಗೆ ಕಾರ್ಯಕಾರಿ ನಿರ್ಮಾಪಕಿಯಾಗಿ ಕಥೆಯ ಹಕ್ಕಿನಿಂದ ಬಿಡುಗಡೆಯವರೆಗೆ ನಿರ್ಮಾಪಕರ ಪರವಾಗಿ ನಿಂತು ಮಾಡಿಸುವುದು. ಹೆಣ್ಣುಮಗಳಿಗೆ ಇದು ಆಗದ ಕೆಲಸ ಎಂದವರಿಗೆಲ್ಲ ನಾನು ಪಾರ್ವತಮ್ಮ ರಾಜಕುಮಾರ್ ಅವರ ಹೆಸರು ಹೇಳುತ್ತಿದ್ದೆ. 1975ರ 'ತ್ರಿಮೂರ್ತಿ'ಯಿಂದ ಹಿಡಿದು ಅಷ್ಟೊಂದು ಚಿತ್ರಗಳನ್ನು ನಿರ್ಮಿಸಿದ, ಮಾತಿಗೆ ತಪ್ಪದ ನಿರ್ಮಾಪಕಿ ಎಂದು ಗಾಂಧಿನಗರದ ಹಿರಿಯರು ಅವರನ್ನು ಇಂದಿಗೂ ನೆನೆಯುತ್ತಾರೆ.

ನಿರ್ಮಾಪಕಿ ಚಿತ್ರಕಥೆಯನ್ನು ಓದುವ ಬಗೆಯೇ ಬೇರೆ. ನಮ್ಮ ಕಥೆಯಲ್ಲಿ ಒಂದು ಸಾಲಿತ್ತು: 'ಮಳೆ ಸುರಿಯುತ್ತದೆ, ಸಂತೆ ಚದುರುತ್ತದೆ.' ನಾಲ್ಕೇ ಪದ. ನನಗೆ ಅದರಲ್ಲಿ ಕಂಡದ್ದು ಎರಡು ನೀರಿನ ಟ್ಯಾಂಕರ್, ಮಳೆ ಸುರಿಸುವ ಪೈಪುಗಳು, ಎಂಬತ್ತು ಜನ, ಒಬ್ಬೊಬ್ಬರಿಗೂ ಎರಡು ಜೊತೆ ಬಟ್ಟೆ, ನೆನೆದು ಹಾಳಾಗುವ ಸೊಪ್ಪಿನ ಬೆಲೆ, ಜನವರಿಯ ಚಳಿಯಲ್ಲಿ ತೊಯ್ದ ಮುದುಕರಿಗೆ ಜ್ವರ ಬಂದರೆ ವೈದ್ಯರು. ಒಂದು ಟೇಕ್ ಕೆಟ್ಟರೆ ಎಲ್ಲವೂ ಒಣಗುವವರೆಗೆ ಕಾಯಬೇಕು. ಅದು ಮೂರು ದಿನಕ್ಕೊಮ್ಮೆ ನಲ್ಲಿ ಬಿಡುವ ಊರು ಬೇರೆ. ಅಲ್ಲಿ ಎರಡು ಟ್ಯಾಂಕರ್ ನೀರನ್ನು ನೆಲಕ್ಕೆ ಸುರಿಯಲು ನನಗೆ ಮನಸ್ಸಾಗಲಿಲ್ಲ.

ನಿರ್ದೇಶಕ ಮೂವತ್ತರ ಹುಡುಗ, ಗದಗಿನವನು. ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ನಾನೇ ಹೋಗಿ ಕೇಳಿದೆ: "ತಮ್ಮಾ, ಖರ್ಚಿನ ಮಾತು ಬಿಡು. ಈ ದೃಶ್ಯ ನೋಡಿದವರಿಗೆ ಕೊನೆಗೆ ಏನು ನೆನಪಿರಬೇಕು?" ಬಹಳ ಹೊತ್ತು ಸುಮ್ಮನಿದ್ದು ಹೇಳಿದ: "ಎಲ್ಲರೂ ಓಡಿಹೋದ ಮೇಲೂ ಒಬ್ಬ ಮುದುಕ ಎದ್ದುಹೋಗಲಿಲ್ಲ ಎಂಬುದು." ಹಾಗಿದ್ದರೆ ಮಳೆ ನಿಂತ ಮೇಲಿನ ಸಂತೆಯೇ ಸಾಕಲ್ಲವೇ ಎಂದೆ. ಅವನ ಮುಖ ಅರಳಿದ್ದನ್ನು ಕಣ್ಣಾರೆ ಕಂಡೆ.

ಅರ್ಧ ಟ್ಯಾಂಕರ್ ನೀರಿನಲ್ಲಿ ನೆಲ ತೋಯಿಸಿದೆವು. ತಾಡಪತ್ರಿಗಳ ಅಂಚಿನಿಂದ ಹನಿ ಬೀಳುವಂತೆ ಕಟ್ಟಿದೆವು. ಸವಣೂರಿನ ವೀಳ್ಯದೆಲೆ ಮಾರುವ ನಿಜವಾದ ಅಜ್ಜನೊಬ್ಬರನ್ನೇ ಒಪ್ಪಿಸಿ, ತಲೆಯ ಮೇಲೆ ಗೋಣಿಕೊಪ್ಪೆ ಹಾಕಿ ಕೂರಿಸಿದೆವು. ಸುಮ್ಮನೆ ಕುಳಿತಿರಿ ಎಂದಷ್ಟೇ ಅವರಿಗೆ ಹೇಳಿದ್ದು. ಕ್ಯಾಮೆರಾ ಓಡುತ್ತಿತ್ತು. ಅಜ್ಜ ಕಟ್ಟು ಬಿಚ್ಚಿ ಒಂದು ಎಲೆ ತೆಗೆದರು, ಧೋತರದ ಚುಂಗಿನಿಂದ ಅದರ ಬೆನ್ನು ಒರೆಸಿದರು, ಮಗ್ಗುಲು ಬದಲಿಸಿ ಮುಖ ಒರೆಸಿದರು, ತೊಟ್ಟು ಒಂದೇ ಕಡೆ ಬರುವಂತೆ ಇಟ್ಟರು. ಮತ್ತೊಂದು ಎಲೆ. ಮತ್ತೊಂದು. ನೀರು ನಿಂತರೆ ಎಲೆ ಕೊಳೆಯುತ್ತದೆ, ಅದಕ್ಕೆ ಒರೆಸಿದರು, ಅಷ್ಟೇ. ನಿರ್ದೇಶಕ ಕಟ್ ಎನ್ನುವುದನ್ನೇ ಮರೆತ. ಮಾನಿಟರ್ ಮುಂದಿದ್ದವರು ಯಾರೂ ಉಸಿರೆತ್ತಲಿಲ್ಲ. ಆ ನಾಲ್ಕು ನಿಮಿಷಕ್ಕಾಗಿ ಈ ಚಿತ್ರ ಮಾಡಿದ್ದೂ ಸಾರ್ಥಕವೆಂದು ನನಗೆ ಅನ್ನಿಸಿದೆ.

ಒಂದು ದಿನ ಹೆಚ್ಚಾದ ಕಾರಣವನ್ನೂ ಬರೆದಿಡಬೇಕು; ಪಾಲುದಾರರು ಕೇಳುತ್ತಾರೆ. ನಮ್ಮ ಚಿತ್ರದಲ್ಲಿ ಹತ್ತು ವರ್ಷದ ಹುಡುಗಿ ಇದ್ದಾಳೆ. ಮಕ್ಕಳನ್ನು ಚಿತ್ರೀಕರಣಕ್ಕೆ ಕರೆತರಲು ಜಿಲ್ಲಾಡಳಿತದ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಿಶ್ರಾಂತಿ ಇಲ್ಲದೆ ಮೂರು ಗಂಟೆ ಮೀರುವಂತಿಲ್ಲ, ಅವಳ ಸಂಭಾವನೆಯಲ್ಲಿ ಕನಿಷ್ಠ 100ಕ್ಕೆ 20ರಷ್ಟನ್ನು ಅವಳದೇ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಶುಕ್ರವಾರ ಮಧ್ಯಾಹ್ನ ಅವಳ ಐದು ಗಂಟೆ ಮುಗಿದಾಗ ಒಂದೇ ಒಂದು ಶಾಟ್ ಉಳಿದಿತ್ತು. ಬೆಳಕು ಚೆನ್ನಾಗಿತ್ತು. ಅವಳ ಅಮ್ಮನೂ "ಇರಲಿ ಅಕ್ಕಾ, ಅರ್ಧ ಗಂಟೆ ತಾನೇ" ಎಂದರು. ನಾನು ಒಪ್ಪಲಿಲ್ಲ. ಮಗು ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತು ಕಣ್ಣು ಕೆಂಪು ಮಾಡಿಕೊಂಡಿತ್ತು. ಅರ್ಧ ಗಂಟೆ ಬಿಟ್ಟುಕೊಟ್ಟರೆ ಮುಂದೆ ಒಂದು ಗಂಟೆಗೂ ಇಲ್ಲವೆನ್ನುವ ಬಾಯಿ ಇರುವುದಿಲ್ಲ. ಆ ಒಂದು ಶಾಟ್‌ಗೆ ಒಂದು ಇಡೀ ದಿನದ ಖರ್ಚು ತಗುಲಿತು. ಹೀಗಾಗಬಹುದೆಂದೇ ಒಟ್ಟು ಖರ್ಚಿನ ಹತ್ತನೇ ಒಂದು ಪಾಲನ್ನು ಬೇರೆ ತೆಗೆದಿಟ್ಟಿದ್ದೆ.

ಗಾಡಿಗೆ ಕಟ್ಟಿದ ಜೋಡಿ ಎತ್ತುಗಳಿಗೂ ಕಾಗದವಿದೆ. ಪಶುವೈದ್ಯರ ಪ್ರಮಾಣಪತ್ರ ಪಡೆದು, ಹರಿಯಾಣದ ಬಲ್ಲಭಗಡದಲ್ಲಿರುವ ಪ್ರಾಣಿ ಕಲ್ಯಾಣ ಮಂಡಳಿಗೆ ಮುಂಚಿತವಾಗಿ ಬರೆದು ಅನುಮತಿ ಪಡೆಯಬೇಕು. ಮಂಡಳಿಯ ಪತ್ರವಿಲ್ಲದೆ ಸೆನ್ಸಾರ್‌ನಲ್ಲಿ ಚಿತ್ರ ನಿಲ್ಲುತ್ತದೆ. ಎತ್ತಿನ ಯಜಮಾನರಿಗೆ ಇದನ್ನು ಹೇಳಿದಾಗ ಅವರಿಗೆ ಬಹಳ ಸಂತೋಷವಾಗಿತ್ತು: "ನಮ್ಮ ಬಸವಣ್ಣಗಳ ಯೋಗಕ್ಷೇಮ ದಿಲ್ಲಿಯ ಕಡೆಯವರು ಕೇಳಿದರೇ!"

ಊಟದ ಮಾತು ಬರೆಯದಿದ್ದರೆ ತಪ್ಪಾಗುತ್ತದೆ. ಖಾನಾವಳಿಯ ತಾಯಿ ಮತ್ತು ಅವರ ಸೊಸೆ 25 ದಿನವೂ ನಸುಕಿನ ನಾಲ್ಕಕ್ಕೆ ಒಲೆ ಹಚ್ಚಿ 62 ಜನರಿಗೆ ಬಡಿಸಿದರು. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಮಾಡಿದ್ದರು. ಅನ್ನದಾತ ಎಂಬ ಹೆಸರನ್ನು ನಮ್ಮ ಚಿತ್ರರಂಗ ನಿರ್ಮಾಪಕರಿಗೆ ಕೊಟ್ಟಿದೆ. ಆ ಹೆಸರು ಹೊರುವ ಯೋಗ್ಯತೆ ನನಗೆ ಬರಲಿ ಎಂದು ಈ ಅತ್ತೆ-ಸೊಸೆಯ ಎದುರು ನಿಂತಾಗಲೆಲ್ಲ ಬೇಡಿಕೊಂಡಿದ್ದೇನೆ.

ಚಿತ್ರೀಕರಣ ಮುಗಿಯಿತು, ನಿರ್ಮಾಪಕಿಯ ಕೆಲಸ ಅರ್ಧಕ್ಕೂ ಬಂದಿಲ್ಲ. ಸಂಕಲನ, ಧ್ವನಿ, ಬಣ್ಣ, ಸೆನ್ಸಾರ್ ಇವೆಲ್ಲ ಇನ್ನೂ ಮುಂದಿವೆ. ಆಮೇಲೆ ಚಿತ್ರಮಂದಿರ: ಒಂಟಿ ಪರದೆಯವರು ವಾರದ ಬಾಡಿಗೆ ಕೇಳುತ್ತಾರೆ, ಸೀಟು ತುಂಬಲಿ ಬಿಡಲಿ ಬಾಡಿಗೆ ನಮ್ಮ ತಲೆಯ ಮೇಲೆ. ಮಲ್ಟಿಪ್ಲೆಕ್ಸ್‌ನಲ್ಲಿ ಗಳಿಕೆಯ ಪಾಲು, ಆದರೆ ಸಣ್ಣ ಚಿತ್ರಕ್ಕೆ ಸಿಗುವುದು ಜನ ಬರಲಾಗದ ಹೊತ್ತಿನ ಪ್ರದರ್ಶನ. ಹೊಣೆಯ ಉದ್ದ ಎಷ್ಟೆಂದು ತಿಳಿಯಲು ನಾನು 'ಸಂಸ್ಕಾರ' ಚಿತ್ರವನ್ನು ನೆನೆಯುತ್ತೇನೆ. ನಮ್ಮ ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರು ಅದರ ಮುಖ್ಯ ಪಾತ್ರದಲ್ಲಿದ್ದರು. ನಿರ್ಮಾಪಕರೂ ನಿರ್ದೇಶಕರೂ ಪಟ್ಟಾಭಿರಾಮ ರೆಡ್ಡಿಯವರೇ. ಸೆನ್ಸಾರ್ ಮಂಡಳಿ ಮೊದಲು ಚಿತ್ರವನ್ನೇ ತಡೆದಿತ್ತು. ರೆಡ್ಡಿಯವರು ಕೈಬಿಟ್ಟಿದ್ದರೆ 1970ರ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಕನ್ನಡಕ್ಕೆ ಬರುತ್ತಿರಲಿಲ್ಲ.

ಹಾನಗಲ್ಲಿನ ಹುಡುಗನಿಗೆ ನಾಳೆ ಹೇಳಬೇಕಾದದ್ದು ಇಷ್ಟು. ಓದುವ ಮನಸ್ಸಿದ್ದರೆ ಕೋಲ್ಕತ್ತಾದ ಸತ್ಯಜಿತ್ ರೇ ಸಂಸ್ಥೆಯಲ್ಲಿ ಪದವೀಧರರಿಗೆ ಚಿತ್ರ ನಿರ್ಮಾಣವನ್ನೇ ಒಂದು ವಿಷಯವಾಗಿ ಕಲಿಸುತ್ತಾರೆ. ಪ್ರವೇಶ ಪರೀಕ್ಷೆ ಬರೆಯಬೇಕು. ಅದಾಗದಿದ್ದರೆ ನನ್ನ ಜೊತೆ ಇನ್ನು ಎರಡು ಚಿತ್ರಗಳ ಲೆಕ್ಕ ಬರೆಯಲಿ. ನಮ್ಮ ಪಾಲುದಾರರ ಕರಾರು ಪತ್ರವನ್ನು ಅವನಿಗೆ ಓದಲು ಕೊಡುತ್ತೇನೆ: ನಾಲ್ವರು, ಅವರಲ್ಲಿ ಒಬ್ಬರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಹಣ ಬಂದರೆ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬುದು ಅದರಲ್ಲಿದೆ. ಕಳೆದುಹೋದರೂ ಮನೆಯ ಒಲೆ ಉರಿಯುವಷ್ಟನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಮಾತ್ರ ಹಾಕಿ ಎಂದು ನಾಲ್ವರಿಗೂ ಕೈ ಮುಗಿದು ಹೇಳಿದ್ದೆ. ದೊಡ್ಡಪ್ಪನ ಪುಸ್ತಕವನ್ನೂ ತೋರಿಸುತ್ತೇನೆ.

ಎಲೆ ಅಜ್ಜ ಇಂದು ಲಕೋಟೆಗೆ ಕಾಯದೆ ನಾಲ್ಕು ಗಂಟೆಗೇ ಹೊರಟುಹೋದರು. ನಾಳೆ ಪಕ್ಕದ ಊರಿನಲ್ಲಿ ಸಂತೆ, ಎಲೆ ಜೋಡಿಸಿ ಕಟ್ಟು ಕಟ್ಟಬೇಕು ಎಂದರಂತೆ. ಅವರು ಹೆಬ್ಬೆಟ್ಟು ಒತ್ತುವವರು, ನನ್ನ ಸ್ಟ್ಯಾಂಪ್ ಪ್ಯಾಡ್ ಒಣಗಿದೆ. ಬಸ್ ನಿಲ್ದಾಣದ ಹತ್ತಿರ ಅಂಗಡಿ ತೆರೆದಿದ್ದರೆ ಹೊಸದೊಂದು ಕೊಳ್ಳಬೇಕು. ಬೆಳಿಗ್ಗೆ ಆರೂವರೆಗೆ ತಯಾರಾಗಿರು, ಸಂತೆಗೆ ಹೋಗೋಣ ಎಂದು ಹುಡುಗನಿಗೆ ಈಗಷ್ಟೇ ಸಂದೇಶ ಕಳುಹಿಸಿದೆ. ಅವನಿನ್ನೂ ಎಚ್ಚರವಾಗಿದ್ದ. "ಆಯಿತು ಅಕ್ಕಾ, ವೋಚರ್ ಪುಸ್ತಕ ನಾನು ತರುತ್ತೇನೆ" ಎಂದು ಬರೆದಿದ್ದಾನೆ.