ಬಾಸ್ ಜೊತೆ ಒಂದು ವಿರಹದ ಹಾಡು

2023ರ ಆಗಸ್ಟ್ ಮುಗಿಯುವ ಹೊತ್ತಿಗೆ ಕೊರಿಯಾದ ಸುವಾನ್‌ನಲ್ಲಿ ಎಲ್ಲಿ ಹೋದರೂ ಒಂದೇ ಹಾಡು. ಕಾಫಿ ಅಂಗಡಿಯಲ್ಲಿ ಅದೇ, ರಾತ್ರಿಯಿಡೀ ತೆರೆದಿರುವ ಮೂಲೆ ಅಂಗಡಿಯಲ್ಲೂ ಅದೇ. ಕೊನೆಗೆ ಹಲ್ಲು ತೋರಿಸಲು ಹೋದ ಕ್ಲಿನಿಕ್ಕಿನಲ್ಲೂ ಅದೇ. 'ಲವ್ ಲೀ'. ಹಾಡಿದವರು ಆಕ್‌ಮು ಅನ್ನುವ ಜೋಡಿ. ಕೆಲಸಕ್ಕಂತ ಇಲ್ಲಿಗೆ ಬಂದ ನನಗೆ ಕೆ-ಪಾಪ್ ಅಂದರೆ ಏಳೆಂಟು ಜನ ಒಂದೇ ಅಳತೆಯಲ್ಲಿ ಕುಣಿಯುವುದು. ಇಲ್ಲಿ ಅದೇನೂ ಇರಲಿಲ್ಲ. ಒಂದು ಗಿಟಾರು, ಒಂದು ತಿಳಿಯಾದ ಹೆಣ್ಣು ದನಿ, ಅದರ ಪಕ್ಕದಲ್ಲಿ ಸ್ವಲ್ಪ ಮೂಗಿನಲ್ಲಿ ಹಾಡುವ ಗಂಡು ದನಿ.

ಆ ವರ್ಷದ ಚಳಿ ಶುರುವಾಗುವಾಗ ಒಂದು ಶುಕ್ರವಾರ ಟೀಮಿನವರೆಲ್ಲ ಊಟಕ್ಕೆ ಹೋದೆವು. ಇಲ್ಲಿ ಆಫೀಸಿನ ಊಟ ಊಟಕ್ಕೇ ಮುಗಿಯುವುದಿಲ್ಲ. ಎರಡನೇ ಸುತ್ತು ಅಂತ ಒಂದಿರುತ್ತದೆ, ಅದು ಸಾಮಾನ್ಯವಾಗಿ ನೊರೆಬಾಂಗ್. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಹಾಡಿನ ಕೋಣೆ. ಒಳಗೆ ರೆಕ್ಸಿನ್ ಸೋಫಾ, ಬಣ್ಣ ತಿರುಗಿಸುವ ದೀಪ, ತಟ್ಟೋಕೆ ಒಂದು ಕಂಜಿರ, ಟೋಪಿ ಹಾಕಿದ ಎರಡು ಮೈಕು. ರಿಮೋಟಿನಲ್ಲಿ ಹಾಡಿನ ನಂಬರ್ ಒತ್ತಿದರೆ ಪರದೆ ಮೇಲೆ ಸಾಲು ಬರುತ್ತದೆ, ಹಾಡಿದಷ್ಟಕ್ಕೆ ಅಕ್ಷರಕ್ಕೆ ಬಣ್ಣ ತುಂಬುತ್ತ ಹೋಗುತ್ತದೆ. ನನ್ನ ಕೊರಿಯನ್ ಓದು ಆ ಬಣ್ಣಕ್ಕಿಂತ ಯಾವಾಗಲೂ ಒಂದು ಪದ ಹಿಂದೆ.

ನಮ್ಮ ಟೀಮ್ ಲೀಡರಿಗೆ ಐವತ್ತು ದಾಟಿದೆ. ಆಫೀಸಿನಲ್ಲಿ ನಗುವುದು ಕಮ್ಮಿ. ಹಳೇ ಹಾಡು ಯಾವುದೋ ಹಾಡಿ ಮುಗಿಸುತ್ತಾರೆ ಅಂದುಕೊಂಡಿದ್ದರೆ, ಅವರು ಒತ್ತಿದ ಹಾಡಿನ ಹೆಸರೇ ಪರದೆಯಲ್ಲಿ ಎರಡು ಸಾಲು ತುಂಬಿತು. ವಿರಹದ ಹಾಡು. ನಿನ್ನನ್ನೇನೋ ಪ್ರೀತಿಸುತ್ತೇನೆ, ಈ ಅಗಲಿಕೆಯನ್ನು ಹೇಗಪ್ಪಾ ಪ್ರೀತಿಸಲಿ ಅನ್ನುವುದು ಅದರ ಸಾರ. ಎರಡನೇ ಮೈಕನ್ನು ನೇರ ನನ್ನ ಕೈಗೆ ಕೊಟ್ಟರು.

ಬಾಸ್ ಜೊತೆ ನಿಂತು ಬಿಟ್ಟುಹೋದ ಪ್ರೇಮಿಗಾಗಿ ಕೊರಗುವುದಾ! ನಾನು ಮೈಕನ್ನು ಪಕ್ಕದವಳಿಗೆ ದಾಟಿಸಲು ನೋಡಿದೆ. ಅವರಿಗೆ ಅರ್ಥವಾಯಿತು. "ಇದನ್ನು ಹಾಡಿರೋದೇ ಒಡಹುಟ್ಟಿದ ಅಣ್ಣ ತಂಗಿ ಕಣಮ್ಮ, ನಾವು ಹಾಡಿದರೆ ಏನಾಯ್ತು?" ಅಂದರು.

ಆಮೇಲೆ ಹಾಡು ಶುರುವಾಗಲು ಬಿಡದೆ ಕತೆ ಶುರು ಮಾಡಿದರು. ಮೀಟರು ಓಡುತ್ತಿತ್ತು, ಯಾರೂ ತಡೆಯಲಿಲ್ಲ. ಬಾಸ್ ಅಲ್ವಾ.

ಹಾಡಿದವರು ಅದೇ ಆಕ್‌ಮು ಜೋಡಿ. ಅಣ್ಣ ಲೀ ಚಾನ್‌ಹ್ಯುಕ್, ತಂಗಿ ಲೀ ಸುಹ್ಯುನ್. ಅಪ್ಪ ಅಮ್ಮ ಮಿಷನರಿಗಳು, ಹಾಗಾಗಿ ಸಂಸಾರ ಕೆಲವು ವರ್ಷ ಮಂಗೋಲಿಯಾದಲ್ಲಿತ್ತು. ಮಕ್ಕಳಿಗೆ ಅಲ್ಲಿ ಮನೆಯಲ್ಲೇ ಪಾಠ. ಕೈಯಲ್ಲಿ ಬೇಕಾದಷ್ಟು ಪುರುಸೊತ್ತು, ಅಣ್ಣ ಹಾಡು ಕಟ್ಟಲು ಶುರುಮಾಡಿದ. 2012ರ ಕೊನೆಯಲ್ಲಿ ಎಸ್‌ಬಿಎಸ್ ಟೀವಿಯ 'ಕೆ-ಪಾಪ್ ಸ್ಟಾರ್' ಸ್ಪರ್ಧೆಯ ಎರಡನೇ ಸೀಸನ್ನಿಗೆ ಇಬ್ಬರೂ ಬಂದರು. ಭಾನುವಾರ ಸಂಜೆ ಬರುತ್ತಿದ್ದ ಕಾರ್ಯಕ್ರಮ. ನಮ್ಮ ಲೀಡರ್ ಮನೆಯಲ್ಲಿ ಆಗ ಮಕ್ಕಳಿಗೆ ಸೋಮವಾರದ ಹೋಂವರ್ಕ್ ಮಾಡಿಸುವುದೇ ಕಷ್ಟವಾಗಿತ್ತಂತೆ.

ಉಳಿದವರಲ್ಲಿ ಹೆಚ್ಚಿನವರು ಬೇರೆಯವರ ಹಾಡು ಹಿಡಿದು ಗಂಟಲು ತೋರಿಸುತ್ತಿದ್ದಾಗ ಇವರು ಸ್ವಂತ ಹಾಡು ತಂದರು. ಅದೂ ಎಂಥಾ ವಿಷಯ! ಕಾಲ ಮೇಲೆ ಕಾಲು ಹಾಕಿ ಸ್ಟೈಲಾಗಿ ಕೂತವರನ್ನು ನೋಡಿ ಗಿಡ್ಡಕಾಲಿನ ಹುಡುಗನೊಬ್ಬ ಹೊಟ್ಟೆ ಉರಿದುಕೊಳ್ಳುವುದು. 2013ರ ಏಪ್ರಿಲ್ 7ರ ಫೈನಲ್‌ನಲ್ಲಿ ಗೆದ್ದಾಗ ಅಣ್ಣನಿಗೆ 16, ತಂಗಿಗೆ 13. ಎದುರಾಳಿ ಇವರಿಗಿಂತಲೂ ಚಿಕ್ಕವನು, ಬಾಂಗ್ ಯೆದಾಮ್. ಗೆದ್ದವರು ವೈಜಿ ಅನ್ನುವ ಸಂಗೀತ ಕಂಪನಿ ಸೇರಿದರು. ಫೈನಲ್ ನಡೆದು ಸರಿಯಾಗಿ ಒಂದು ವರ್ಷಕ್ಕೆ, 2014ರ ಏಪ್ರಿಲ್ 7ಕ್ಕೆ, 'ಪ್ಲೇ' ಅನ್ನುವ ಮೊದಲ ಆಲ್ಬಂ. ಹಾಡು ಬರೆದದ್ದೆಲ್ಲ ಅಣ್ಣನೇ.

ಇಷ್ಟು ಹೇಳಿ ಲೀಡರ್ ಹಾಡು ಮತ್ತೆ ಮೊದಲಿಂದ ಹಾಕಿದರು. ಬೇಕಂತಲೇ ನಾಲ್ಕು ಹೆಜ್ಜೆ ಹಿಂದೆ ನಿಂತು, ತಾನಿಲ್ಲದೆ ನಡೆದು ಹೋಗುವವರನ್ನು ನೋಡುವ ಮಾತಿನಿಂದ ಅದು ಶುರುವಾಗುತ್ತದೆ. ಮೊದಲ ಭಾಗ ಹೇಗೋ ದಾಟಿಸಿದೆ. ಆದರೆ ಸುಹ್ಯುನ್ ದನಿ ಏರುವ ಜಾಗವಿದೆಯಲ್ಲ, ಅವಳು ಅಲ್ಲಿ ಕಿರುಚುವುದೇ ಇಲ್ಲ. ದುಃಖದ ಹಾಡಲ್ಲಿ ಅಳು ಬೆರೆಸುವವರೇ ಜಾಸ್ತಿ. ಇವಳು ಸುದ್ದಿ ಹೇಳುವಷ್ಟು ಸಲೀಸಾಗಿ ಏರಿ ಇಳಿದುಬಿಡುತ್ತಾಳೆ. ಆ ಸಲೀಸು ಎಷ್ಟು ಕಷ್ಟ ಅಂತ ಮೈಕ್ ಹಿಡಿದಾಗಲೇ ತಿಳಿಯುವುದು. ನಾನು ಅರ್ಧದಲ್ಲಿ ಸ್ವರ ಇಳಿಸಿಕೊಂಡೆ, ಲೀಡರ್ ಕಣ್ಣು ಮುಚ್ಚಿಕೊಂಡು ಮುಂದುವರಿದರು. ಕೊನೆಗೆ ಮಷೀನು ಕಹಳೆ ಊದಿ ಸುಮ್ನೆ 94 ಅಂಕ ಕೊಟ್ಟಿತು. ಈ ಮಷೀನುಗಳು ಯಾರನ್ನೂ ಫೇಲ್ ಮಾಡುವುದಿಲ್ಲ.

ಈ ಹಾಡು ಬಂದದ್ದು 2019ರ ಸೆಪ್ಟೆಂಬರಿನ 'ಸೇಲಿಂಗ್' ಆಲ್ಬಂನಲ್ಲಿ. ಅದಕ್ಕೆ ಮುಂಚೆ ಎರಡು ವರ್ಷ ಜೋಡಿಯೇ ಇರಲಿಲ್ಲ. ಕೊರಿಯಾದ ಗಂಡುಮಕ್ಕಳಿಗೆ ಸೈನ್ಯದ ಸೇವೆ ತಪ್ಪಿದ್ದಲ್ಲ. ಚಾನ್‌ಹ್ಯುಕ್ ಮರೀನ್ ದಳ ಸೇರಿ 2017ರ ಸೆಪ್ಟೆಂಬರಿನಿಂದ 2019ರ ಮೇ ತನಕ ಅಲ್ಲಿದ್ದ. ಹಡಗಿನಲ್ಲಿದ್ದಾಗ ಗಿಟಾರಿಲ್ಲದೆ ಕೆಲವು ಹಾಡುಗಳನ್ನು ತಲೆಯಲ್ಲೇ ಕಟ್ಟಿದನಂತೆ. ಸಾಲದ್ದಕ್ಕೆ ಆಲ್ಬಂ ಜೊತೆಗೇ ಒಂದು ಕಾದಂಬರಿ ಕೂಡ. ತಂಗಿ ಅಷ್ಟರಲ್ಲಿ ರೇಡಿಯೋದಲ್ಲಿ ಕಾರ್ಯಕ್ರಮ ನಡೆಸಿದಳು, ಟೀವಿಗಾಗಿ ಬೀದಿಯಲ್ಲಿ ನಿಂತು ಹಾಡಿದಳು.

ಜೋಡಿ ಅಂದಮೇಲೆ ಸಂಗೀತ ಕಂಪನಿಗಳು ಮಾರುವುದು ಪ್ರೇಮವನ್ನೇ. ಇಬ್ಬರ ನಡುವೆ ಏನೋ ಇದೆ ಅನ್ನಿಸಬೇಕು, ಕಣ್ಣು ಕಣ್ಣು ಸೇರಬೇಕು. ಇವರಿಗೆ ಆ ದಾರಿಯೇ ಇಲ್ಲ. ಪ್ರೇಮಗೀತೆ ಹಾಡುವಾಗ ಒಬ್ಬರ ಮುಖ ಒಬ್ಬರು ನೋಡಿದರೆ ಮುಗೀತು, ನಗು ಬರುತ್ತದೆ. ಟೀವಿಯಲ್ಲಿ ಕೂತರೆ ಕಚ್ಚಾಟ, ಅಣ್ಣನ ಬಟ್ಟೆ ಬಗ್ಗೆ ತಂಗಿಯ ಟೀಕೆ. ಕೊರಿಯಾದವರಿಗೆ ಅದೇ ಇಷ್ಟ. ನಮ್ಮ ಮನೆ ಮಕ್ಕಳೂ ಹೀಗೇ ಅನ್ನುತ್ತಾರೆ. ಹೀಗಾಗಿ ಹಾಡಿಗೆ ಉಳಿದದ್ದು ಮಾತು ಮತ್ತು ದನಿ ಮಾತ್ರ. ಮನುಷ್ಯರು ಕೈಕಾಲು ಆಡಿಸಿ ನಡೆಯುವುದೇ ಎಂಥ ಸೋಜಿಗ ಅಂತ 2016ರಲ್ಲಿ ಒಂದು ಹಾಡು ಮಾಡಿದರಲ್ಲ, ಪ್ರೇಮಿಗಳ ವೇಷ ಹಾಕಿದ ಜೋಡಿಗೆ ಅಂಥದ್ದು ಹೊಳೆಯುತ್ತಿತ್ತಾ, ನನಗೆ ಅನುಮಾನ.

ಆ ರಾತ್ರಿಯ ರೆಕಾರ್ಡಿಂಗನ್ನು ದಾವಣಗೆರೆಗೆ, ನಮ್ಮಣ್ಣನಿಗೆ ಕಳಿಸಿದೆ. "ಯಾರಿಗ್ ಹೊಟ್ಟೆನೋವ್ ಲೇ?" ಅಂತ ಉತ್ತರ ಬಂತು. ಇಡೀ ಬಾಲ್ಯದಲ್ಲಿ ಅವನು ನನಗಾಗಿ ಬರೆದದ್ದು ಒಂದೇ, ನನ್ನ ಸೈಕಲ್ಲಿಗೆ ಅಂಟಿಸಿದ 'ಮಾರಾಟಕ್ಕಿದೆ' ಚೀಟಿ.

ಚಾನ್‌ಹ್ಯುಕ್ ವಿಷಯ ಬೇರೆ. ನಡುವೆ ಸುಹ್ಯುನ್‌ಗೆ ಹಾಡುವುದೇ ಬೇಡವಾಗಿತ್ತು, ನಿಲ್ಲಿಸಿಬಿಡುವ ಯೋಚನೆಯೂ ಬಂದಿತ್ತು ಅಂತ ಅವಳೇ ಹೇಳಿಕೊಂಡಿದ್ದಾಳೆ. ಅಣ್ಣನಿಗೋ ಆಗ ಹೊಸ ಪ್ರಯೋಗಗಳ ಹುಚ್ಚು. 2022ರಲ್ಲಿ 'ಎರರ್' ಅಂತ ಒಬ್ಬನೇ ಆಲ್ಬಂ ಮಾಡಿ, ಪೂರ್ತಿ ಸಾವಿನ ಬಗ್ಗೆ ಹಾಡಿ, ವೇದಿಕೆ ಮೇಲೆ ಜನರಿಗೆ ಬೆನ್ನು ತಿರುಗಿಸಿ ನಿಂತಿದ್ದ. ಲೀಡರಿಗೆ ಆ ಆಲ್ಬಂ ಅಂದರೆ ಪ್ರಾಣ. ನನಗೆ ಅಷ್ಟಕ್ಕಷ್ಟೆ, ಅವನ ಹಾಡಿಗೆ ತಂಗಿಯ ದನಿ ಬೇಕು. ಅಂಥವನು ತನ್ನ ರುಚಿಯನ್ನು ಬದಿಗಿಟ್ಟು, ಅವಳು ಹಗುರಾಗಿ ಹಾಡಿಕೊಂಡು ವಾಪಸ್ ಬರಲಿ ಅಂತ ಮಾಡಿದ್ದು ಆ 'ಲವ್ ಲೀ'. ನಾನು ಹಲ್ಲಿನ ಕ್ಲಿನಿಕ್ಕಿನಲ್ಲಿ ಕೇಳಿ ಬೇಸತ್ತಿದ್ದ ಅದೇ ಹಾಡು. ಇದು ಗೊತ್ತಾದ ಮೇಲೂ ಅದು ನನಗೆ ಸ್ವಲ್ಪ ಸಿಹಿ ಜಾಸ್ತಿಯೇ. ಆದರೆ ಬೈಯುವುದು ಬಿಟ್ಟೆ.

2025ರ ಕೊನೆಗೆ ಇಬ್ಬರೂ ವೈಜಿ ಕಂಪನಿಯಿಂದ ಹೊರಬಂದರು. ಹನ್ನೆರಡು ವರ್ಷದ ಋಣ. ಆಫೀಸಿನಲ್ಲಿ ಆ ಸುದ್ದಿ ಹೇಳಿದ್ದು ಲೀಡರೇ, ನೆಂಟರ ಮನೆಯ ವಿಷಯ ಹೇಳುವವರ ಹಾಗೆ.

ಈಗ ಲೀಡರ್ ಹಿಡಿದಿರುವುದು 'ಲವ್ ಲೀ' ಜೊತೆಗೇ ಬಂದ ಇನ್ನೊಂದು ಹಾಡನ್ನು. ಎಲ್ಲರೂ ಎತ್ತರಕ್ಕೆ ಕತ್ತು ಚಾಚಿಕೊಂಡಿದ್ದರೆ ಚಾಚಿಕೊಳ್ಳಲಿ, ನಾನು ಬಿಸಿ ಅನ್ನದ ಮೇಲಿನ ಮೊಟ್ಟೆ ಫ್ರೈ ಥರ ಆರಾಮಾಗಿ ಬಿದ್ದುಕೊಂಡಿರುತ್ತೇನೆ ಅನ್ನುವ ಹಾಡು. ಪ್ರತಿ ಜನವರಿ ಹೊಸ ಟಾರ್ಗೆಟ್ಟಿನ ಸ್ಲೈಡ್ ಹಿಡಿದು ಬರುವ ಮನುಷ್ಯ, ಹೋದ ಸಲದ ನೊರೆಬಾಂಗ್‌ನಲ್ಲಿ ಟೈ ಸಡಿಲಿಸಿ ಅದನ್ನು ಪೂರ್ತಿ ಹಾಡಿದರು. ಹುಡುಗರು ವಿಡಿಯೋ ಮಾಡಿಟ್ಟುಕೊಂಡಿದ್ದಾರೆ.