ಬ್ಯಾಟಲ್ ಬಾಕ್ಸ್‌ಗೆ ಕಿರೀಟ: ಅಂತೂ ಜನ ಅಟ್ಯಾಕ್ ಮಾಡ್ತಿದ್ದಾರೆ!

ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟಕ್ಕೆ ನಾನು ಕಟ್ಟಿದ ಬ್ಯಾಟಲ್ ಬಾಕ್ಸ್ ಕೊನೆಗೂ ಆಡೋ ಹಂತಕ್ಕೆ ಬಂತು. ಹಿಂದಿನ ವರ್ಶನ್‌ನಲ್ಲಿ ಎರಡೂ ಕಡೆ ಕ್ರೀಚರ್‌ಗಳು (ಹೊಡೆದಾಡುವ ಜೀವಿಗಳ ಕಾರ್ಡ್) ಸಾಲಾಗಿ ನಿಲ್ಲುತ್ತಿದ್ದವು, ಆಟಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾರ್ಡ್ ಎಳೆಯುತ್ತಿದ್ದರು, ಯಾರೂ ಕೈ ಎತ್ತುತ್ತಿರಲಿಲ್ಲ.

ಬ್ಯಾಟಲ್ ಬಾಕ್ಸ್ ಅಂದರೆ ಮ್ಯಾಜಿಕ್ ಆಡುವ ಒಂದು ಬಗೆ. ಬ್ರಯಾನ್ ಡಿಮಾರ್ಸ್ ಶುರು ಮಾಡಿದ್ದು. ಇಬ್ಬರಿಗೂ ಒಂದೇ ಡೆಕ್. ಲ್ಯಾಂಡ್ (ಕಾರ್ಡ್ ಇಳಿಸೋಕೆ ಬೇಕಾದ ಮನಾ ಅನ್ನೋ ಶಕ್ತಿ ಕೊಡುವ ಕಾರ್ಡ್) ಮಾತ್ರ ಡೆಕ್‌ನ ಹೊರಗೆ, ತಲಾ 10, ಟರ್ನ್‌ಗೆ ಒಂದು ಇಳಿಸುವುದು. ಲ್ಯಾಂಡ್ ಬಾರದೆ ಸುಮ್ನೆ ಕೂರುವ ಮನಾ ಸ್ಕ್ರೂ ಅನ್ನೋ ಗೋಳೇ ಇಲ್ಲ. ನಾನು ಮಾಡಿದ್ದು ಇಷ್ಟೇ, ಅದಕ್ಕೆ ಪಾಪರ್ (ಕಾಮನ್, ಅಂದರೆ ಸುಲಭವಾಗಿ ಸಿಗುವ ಕಾರ್ಡ್ ಮಾತ್ರ ಬಳಸುವ ಬಗೆ) ಬೆರೆಸಿ ಪೂರ್ತಿ ಕಾಮನ್ ಕಾರ್ಡ್‌ಗಳಲ್ಲೇ ಕಟ್ಟಿದೆ. ಪಟ್ಟಿ, ಕಲರ್ ಲೆಕ್ಕ, ಪ್ರಾಕ್ಸಿ (ನಕಲು ಕಾರ್ಡ್) ಪ್ರಿಂಟ್ ಎಲ್ಲ ಮಾಮೂಲಿ, ಅದನ್ನು ಬಿಡೋಣ.

ಸ್ಲೀವ್ (ಕಾರ್ಡ್ ಮೇಲೆ ಹಾಕುವ ಪ್ಲಾಸ್ಟಿಕ್ ಕವರ್) ವಿಷಯ ಮಾತ್ರ ಬಿಡೋಕಾಗಲ್ಲ. ಅದೇ ಅಂಗಡಿ, ಅದೇ ಕಪ್ಪು ಮ್ಯಾಟ್, ಆದರೆ ಎರಡನೇ ಆರ್ಡರ್‌ನಲ್ಲಿ ಬಂದವು ಕೂದಲೆಳೆಯಷ್ಟು ಉದ್ದ. ಹೊಸದಾಗಿ ಸೇರಿಸಿದ, ನೇರ ಏಟು ಕೊಡುವ ಬರ್ನ್ ಸ್ಪೆಲ್‌ಗಳೆಲ್ಲ ಆ ಉದ್ದದ ಸ್ಲೀವ್‌ಗೇ ಹೋಗಿದ್ದವು. ಡೆಕ್ ಇಬ್ಬರಿಗೂ ಒಂದೇ ಆದ್ದರಿಂದ ಮೇಲಿನ ಕಾರ್ಡಿನ ಅಂಚು ನೋಡಿದರೆ ಸಾಕು, ಎದುರಾಳಿಗೆ ಲೈಟ್ನಿಂಗ್ ಬೋಲ್ಟ್ ಥರದ ಬರ್ನ್ ಕಾರ್ಡ್ ಬರುತ್ತಾ ಅಂತ ಗೊತ್ತಾಗುತ್ತಿತ್ತು. ನನ್ನ ಗೆಳೆಯನೊಬ್ಬ ಅದನ್ನು ನೋಡಿಕೊಂಡೇ, ಎದುರಾಳಿಯ ಕಾರ್ಡ್ ರದ್ದು ಮಾಡುವ ಕೌಂಟರ್‌ಸ್ಪೆಲ್‌ಗೆ ಎರಡು ಮನಾ ಉಳಿಸಿ, ಏನೂ ತಿಳಿಯದವನ ಹಾಗೆ ಕೂತಿರುತ್ತಿದ್ದ. ಅಂಗಡಿಯವರ ಉತ್ತರ: "ಎರಡೂ ಸ್ಟ್ಯಾಂಡರ್ಡ್ ಸೈಜೇ ಸಾರ್."

ಸರಿ, ಅಸಲಿ ತಲೆನೋವಿಗೆ ಬರ್ತೀನಿ. ಒಂದೇ ಡೆಕ್‌ನಿಂದ ಇಬ್ಬರೂ ಎಳೆಯುವಾಗ ಯಾರ ಕ್ರೀಚರ್ ಕೂಡ ಹೆಚ್ಚಲ್ಲ, ಕಡಿಮೆಯಲ್ಲ. ಎಲ್ಲ 2/2, 2/3 (ಮೊದಲ ಅಂಕಿ ಕೊಡುವ ಏಟು, ಎರಡನೆಯದು ತಡೆಯುವ ಏಟು). ಬ್ಲಾಕ್ ಹೇಗೆ ಅಂತ ನಿರ್ಧರಿಸುವವನು ಡಿಫೆಂಡ್ ಮಾಡುವವನು, ಹಾಗಾಗಿ ಮೊದಲು ನುಗ್ಗಿದವನಿಗೇ ಲುಕ್ಸಾನು. ಸುಮ್ನೆ ಕೂತವನೇ ಜಾಣ. ಲೈಫ್ 20ರಿಂದ 15ಕ್ಕೆ ಇಳಿಸಿದೆ. ಯಾರೂ ಅಟ್ಯಾಕೇ ಮಾಡದಿದ್ದರೆ 15 ಇದ್ದರೇನು, 5 ಇದ್ದರೇನು? ಗಾರ್ಡಿಯನ್ ಆಫ್ ದಿ ಗಿಲ್ಡ್‌ಪ್ಯಾಕ್ಟ್ ತೆಗೆದೆ (ಒಂದೇ ಬಣ್ಣದ ಕ್ರೀಚರ್ ಯಾವುದು ಬಂದರೂ ಅದಕ್ಕೆ ಏನೂ ಆಗಲ್ಲ, ದಿನವಿಡೀ ಬ್ಲಾಕ್ ಮಾಡಿಕೊಂಡಿರುತ್ತೆ). ಅದರಿಂದಲೂ ಅಷ್ಟಕ್ಕಷ್ಟೇ.

ಆಮೇಲೆ ಮೊನಾರ್ಕ್ (ರಾಜ) ಅನ್ನೋ ರೂಲ್ ನೆನಪಾಯಿತು, ನಾವು ಕಿರೀಟ ಅಂತ ಕರೆಯೋದು ಅದನ್ನೇ. 2016ರ ಕಾನ್ಸ್‌ಪಿರಸಿ ಸೆಟ್‌ನಲ್ಲಿ ಬಂದದ್ದು. ಕಿರೀಟ ಇದ್ದವನಿಗೆ ತನ್ನ ಎಂಡ್ ಸ್ಟೆಪ್‌ನಲ್ಲಿ ಒಂದು ಕಾರ್ಡ್ ಜಾಸ್ತಿ, ಅವನಿಗೆ ಕ್ರೀಚರ್‌ನಿಂದ ಏಟು ಕೊಟ್ಟವನಿಗೆ ಕಿರೀಟ. ಜನರನ್ನು ಹೊಡೆದಾಟಕ್ಕೆ ಇಳಿಸಲು ಇದಕ್ಕಿಂತ ಒಳ್ಳೆಯ ಆಮಿಷ ಇಲ್ಲ. ಎರಡನೆಯದಾಗಿ ಆಡುವವನಿಗೆ ಅದನ್ನು ಶುರುವಿನಲ್ಲೇ ಕೊಟ್ಟರೆ ಮೊದಲು ಆಡುವವನ ಲಾಭವೂ ಸರಿದೂಗುತ್ತೆ ಅಂತ ಲೆಕ್ಕ ಹಾಕಿದೆ. ಆಗಿದ್ದೇ ಬೇರೆ. ಒಂದು ಮನಾದ ಕ್ರೀಚರ್ ಯಾರ ಕೈಗೆ ಬಂತೋ ಅವನದೇ ಕಿರೀಟ, ಅವನಿಗೇ ಕಾರ್ಡು, ಅವನದೇ ಗೆಲುವು. ಮೂರನೇ ಟರ್ನ್‌ಗೆ ಆಟ ಮುಗಿದ ಹಾಗೇ, ಬಾಕಿಯೆಲ್ಲ ಬರೀ ಶಾಸ್ತ್ರ.

ಕಿರೀಟ ಬರಬೇಕು, ಆದರೆ ತಡವಾಗಿ ಬರಬೇಕು. ಎಷ್ಟು ತಡ, ಲೆಕ್ಕ ಇಡುವವರು ಯಾರು? ಡೈಸ್ ಇಟ್ಟೆವು, ತಿರುಗಿಸೋಕೆ ಎಲ್ಲರೂ ಮರೆತರು. ಆಮೇಲೆ ಹೊಳೆಯಿತು, ಗಡಿಯಾರ ಟೇಬಲ್ ಮೇಲೇ ಇದೆ! ಈ ಆಟದಲ್ಲಿ ಲ್ಯಾಂಡ್ ತಪ್ಪುವುದೇ ಇಲ್ಲ, ಅಂದಮೇಲೆ ಎಷ್ಟು ಲ್ಯಾಂಡೋ ಅಷ್ಟು ಟರ್ನ್. ಎರಡನೆಯವನು ನಾಲ್ಕನೇ ಲ್ಯಾಂಡ್ ಇಳಿಸಿದ ಕೂಡಲೇ ಕಿರೀಟ ಅವನಿಗೆ. ಅಷ್ಟರಲ್ಲಿ ಇಬ್ಬರ ಕಡೆಯೂ ಎರಡು ಮೂರು ಕ್ರೀಚರ್ ನಿಂತಿರುತ್ತವೆ, ಮೊದಲನೆಯವನಿಗೆ ನುಗ್ಗದೆ ಬೇರೆ ದಾರಿಯಿಲ್ಲ.

ಒಂದೇ ಕೊಕ್ಕೆ, ಕೋರ್ ಸ್ಕೈಫಿಶರ್ ಅನ್ನೋ ಕಾರ್ಡ್. ಎರಡು ಮನಾಗೆ 2/3 ಫ್ಲೈಯರ್ (ಹಾರುವ ಕ್ರೀಚರ್), ಆದರೆ ಇಳಿಯುವಾಗ ನಿಮ್ಮದೇ ಒಂದು ಪರ್ಮನೆಂಟ್ (ಟೇಬಲ್ ಮೇಲೆ ಉಳಿಯುವ ಕಾರ್ಡ್) ವಾಪಸ್ ಕೈಗೆ ತಗೋಬೇಕು. ಎಲ್ಲರೂ ಟ್ಯಾಪ್ ಮಾಡಿದ (ಆಗಲೇ ಬಳಸಿದ) ಲ್ಯಾಂಡನ್ನೇ ಎತ್ತಿಕೊಳ್ಳುತ್ತಾರೆ. ಆಗ "ನಾಲ್ಕು ಲ್ಯಾಂಡ್ ಇದ್ದಾಗ" ಅನ್ನೋ ರೂಲ್ ಪ್ರಕಾರ ಕಿರೀಟ ಒಂದು ಟರ್ನ್ ತಡ. ಈಗ "ನಾಲ್ಕನೇ ಸಲ ಲ್ಯಾಂಡ್ ಇಳಿಸಿದಾಗ" ಅಂತ ತಿದ್ದಿದ್ದೇವೆ. ಪ್ಯಾಲೆಸ್ ಸೆಂಟಿನೆಲ್ಸ್ ಅನ್ನೋ ಕ್ರೀಚರ್ ಹೊರಗೆ ಹೋಯಿತು. ಸುಮ್ನೆ ಇಳಿಸಿದ್ದಕ್ಕೇ ಕಿರೀಟ ಸಿಕ್ಕರೆ ಹೊಡೆದಾಟಕ್ಕೆ ಏನು ಬೆಲೆ?

ಕಿರೀಟಕ್ಕೆ ಟೋಕನ್ ಹುಡುಕುವಾಗ ತಲೆ ಗಂಜೀಫಾ (ಗುಂಡನೆಯ ಎಲೆಗಳ ಹಳೆಯ ಇಸ್ಪೀಟು) ಕಡೆ ಓಡಿತು. ದಶಾವತಾರ ಗಂಜೀಫಾದಲ್ಲಿ 120 ಎಲೆ, ಹತ್ತು ಅವತಾರಕ್ಕೆ ತಲಾ 12, ಪ್ರತಿಯೊಂದಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ. ಅಂಕಿಯ ಎಲೆಗಳಲ್ಲಿ ಐದು ಅವತಾರಗಳಿಗೆ 10 ದೊಡ್ಡದು, ಉಳಿದ ಐದರಲ್ಲಿ ಉಲ್ಟಾ, 1 ದೊಡ್ಡದು. ಎಂಥ ಡಿಸೈನ್ ನೋಡಿ! ಮುಮ್ಮಡಿ ಕೃಷ್ಣರಾಜ ಒಡೆಯರು ಇರುವ ಆಟ ಸಾಲದೆ ಮೈಸೂರಲ್ಲಿ ತಾವೇ ಹೊಸ ಹೊಸ ಗಂಜೀಫಾ ಆಟಗಳನ್ನು ಕಟ್ಟಿದವರು. ನಮ್ಮ ಊರಿನ ಮೊದಲ ಫ್ಯಾನ್ ಫಾರ್ಮ್ಯಾಟ್ ಅವರದೇ ಅನ್ನಬೇಕು. ಮುಂದಿನ ಪ್ರಾಜೆಕ್ಟ್ ಇಬ್ಬರೇ ಆಡುವ ಗಂಜೀಫಾ. ಗುಂಡನೆಯ ಎಲೆಗೆ ಸ್ಲೀವ್ ಕೇಳಿದರೆ ಆ ಅಂಗಡಿಯವರು ಏನು ಕಳಿಸುತ್ತಾರೋ ದೇವರೇ ಬಲ್ಲ.

ಈಗ ಉಳಿದಿರುವುದು ಫ್ಲೈಯರ್‌ಗಳ ಕಾಟ. ಕಿರೀಟ ಕಸಿಯೋಕೆ ಹಾರುವ ಒಂದು ಹಕ್ಕಿ ಸಾಕು. ನೀಲಿ ಬಣ್ಣದ ಕಾರ್ಡ್‌ಗಳಲ್ಲಿ ಕೆಲವನ್ನು ತೆಗೆದು ಹಸಿರಿಗೆ ರೀಚ್ (ಹಾರುವವನ್ನೂ ಬ್ಲಾಕ್ ಮಾಡುವ ಶಕ್ತಿ) ಕೊಡಬೇಕು. ಒಳ್ಳೆಯ ಕಾಮನ್ ಗೊತ್ತಿದ್ದರೆ ಹೇಳಿ. ಪೆನಂಬ್ರಾ ಸ್ಪೈಡರ್ ಮಾತ್ರ ಬೇಡ, ಅದು ಸತ್ತರೂ ಇನ್ನೊಂದು 2/4 ಜೇಡ ಬಿಟ್ಟು ಹೋಗುತ್ತೆ.